ಬೇಸಿಗೆಯ ಬಣ್ಣ ಕೆಟ್ಟರೆ ತಪ್ಪು ಕೈಯದ್ದಲ್ಲ, ಹವೆಯದ್ದು

ಚಿಕ್ಕಬಾಣಾವರ : ಪರೀಕ್ಷೆಗಳ ಗದ್ದಲ ಅಡಗಿ, ಶಾಲೆಗಳಿಗೆ ರಜೆ ಸಿಕ್ಕಿ, ಮಕ್ಕಳೂ ದೊಡ್ಡವರೂ ಬಿಸಿಲಿಗೆ ಹೆದರಿ ಮನೆಯೊಳಗೇ ಉಳಿಯುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಕಪಾಟಿನ ಮೂಲೆ ಸೇರಿದ್ದ ಬಣ್ಣದ ಡಬ್ಬಿಗಳು ಮತ್ತೆ ಹೊರಬರುತ್ತವೆ. ಹಳೆಯ ಬಾಟಲಿಗೆ ಚಿತ್ತಾರ, ಮಣ್ಣಿನ ಹಣತೆಗೆ ಬಣ್ಣ, ರಟ್ಟಿನ ಪೆಟ್ಟಿಗೆಗೆ ಕಾಗದದ ಹೂ, ಗೋಡೆಗೊಂದು ನೀರುಬಣ್ಣದ ಭೂದೃಶ್ಯ. ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲವೆಂದು ತೋರುವುದು ಸಹಜ. ಆದರೆ ವರ್ಷದಲ್ಲಿ ಅತಿ ಹೆಚ್ಚು ಬಣ್ಣ ಬಿರಿಯುವುದು, ಕಾಗದ ಸುರುಳುವುದು, ಮಣ್ಣಿನ ಬೊಂಬೆ ಸೀಳುವುದು, ವಾರ್ನಿಷ್ ಬೆಳ್ಳಗಾಗುವುದೂ ಇದೇ ಕಾಲದಲ್ಲಿ.

ಬೆಂಗಳೂರಿನ ವಾಯವ್ಯ ಅಂಚಿನಲ್ಲಿ, ಹೆಸರಘಟ್ಟ ರಸ್ತೆಯ ಮಗ್ಗುಲಲ್ಲಿರುವ ಚಿಕ್ಕಬಾಣಾವರ ಇದನ್ನು ಅರಿಯಲು ತಕ್ಕ ಊರು. ಒಂದು ಕಡೆ ಕೆರೆ, ಇನ್ನೊಂದು ಕಡೆ ತುಮಕೂರಿನತ್ತ ಸಾಗುವ ರೈಲು ಹಳಿ, ಸ್ವಲ್ಪ ದೂರದಲ್ಲೇ ಪೀಣ್ಯದ ಕಾರ್ಖಾನೆಗಳು. ಹಳೆಯ ಹಳ್ಳಿಯ ಸುತ್ತ ಹೊಸ ಬಡಾವಣೆಗಳು ಎದ್ದು, ಎರಡು-ಮೂರು ಅಂತಸ್ತಿನ ಮನೆಗಳು ಒತ್ತೊತ್ತಾಗಿ ನಿಂತಿವೆ. ಇಂಥ ಮನೆಗಳಲ್ಲಿ ಕಲೆಗೆಂದು ಪ್ರತ್ಯೇಕ ಕೋಣೆ ಇರುವುದು ಅಪರೂಪ. ಊಟದ ಮೇಜು, ಮಹಡಿಯ ಮೆಟ್ಟಿಲು, ಬಟ್ಟೆ ಒಣಹಾಕುವ ಬಾಲ್ಕನಿ ಅಥವಾ ತಾರಸಿಯೇ ಕಲಾವಿದರ ಕಾರ್ಯಾಗಾರ. ಬಿಸಿಲು, ಗಾಳಿ, ದೂಳು, ಮಳೆ ಎಲ್ಲವೂ ಅಲ್ಲಿಗೆ ನೇರವಾಗಿ ಬರುತ್ತವೆ.

ಬೆಳಿಗ್ಗೆ ಹನ್ನೊಂದಕ್ಕೆ ಬಳಿದ ಬಣ್ಣ ಕುಂಚದಲ್ಲೇ ಗಟ್ಟಿಯಾಗುತ್ತದೆ. ಸಂಜೆ ಐದಕ್ಕೆ ಗಾಳಿ ಎದ್ದು, ಮೋಡ ಕವಿದು, ಗುಡುಗಿನೊಡನೆ ಒಂದು ಮಳೆ ಸುರಿಯುತ್ತದೆ. ರಾತ್ರಿ ಎಂಟಕ್ಕೆ ಮುಟ್ಟಿ ನೋಡಿದರೆ ಅದೇ ಡಬ್ಬಿಯ ಅದೇ ಬಣ್ಣ ಬೆರಳಿಗೆ ಅಂಟುತ್ತದೆ. 'ನನ್ನ ಕೈಗೆ ಇದು ಹತ್ತುವುದಿಲ್ಲ' ಎಂದು ಕುಂಚ ಕೆಳಗಿಡುವವರು ಎಷ್ಟೋ ಮಂದಿ. ಮಕ್ಕಳಂತೂ ಬೇಗ ಹಾಗೆ ತೀರ್ಮಾನಿಸಿಬಿಡುತ್ತಾರೆ. ಇವರಲ್ಲಿ ಬಹುಪಾಲು ಜನರ ಕೈಯಲ್ಲಿ ಯಾವ ದೋಷವೂ ಇರುವುದಿಲ್ಲ. ದಿನದ ಯಾವ ಗಳಿಗೆಯಲ್ಲಿ ಯಾವ ಕೆಲಸ ಮಾಡಬೇಕೆಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ.

ಒಂದೇ ದಿನದಲ್ಲಿ ಎರಡು ಋತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿನ ಬೇಸಿಗೆ ರಾಯಚೂರು, ಕಲಬುರಗಿಗಳಷ್ಟು ಉಗ್ರವಲ್ಲ. ಆದರೂ 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದುಂಟು. ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿಯ ತೇವಾಂಶ ಬಹಳ ಕೆಳಗಿಳಿಯುತ್ತದೆ. ಬೆಳಗಿನಿಂದ ಕಾದ ನೆಲದಿಂದ ಮೇಲೇರುವ ಬಿಸಿಗಾಳಿಗೆ ಕಡಲ ಕಡೆಯಿಂದ ಬಂದ ತೇವ ಕೂಡಿಕೊಂಡಾಗ ಮಧ್ಯಾಹ್ನದ ನಂತರ ಎತ್ತರದ ಗುಡುಗು ಮೋಡಗಳು ಕಟ್ಟುತ್ತವೆ. ಮಾವಿನ ಮಳೆ ಎಂದು ಜನ ಕರೆಯುವ, ಪಂಚಾಂಗದ ಅಶ್ವಿನಿ, ಭರಣಿ, ಕೃತ್ತಿಕಾ ನಕ್ಷತ್ರಗಳ ಮಳೆ ಇದೇ. ಮೇ ತಿಂಗಳಲ್ಲಿ ನಗರದ ಸರಾಸರಿ ಮಳೆ 100 ಮಿಲಿಮೀಟರ್ ಮೀರುತ್ತದೆ. ಅದರ ಬಹುಪಾಲು ಸುರಿಯುವುದು ಇಂತಹ ಸಂಜೆಗಳಲ್ಲೇ.

ಕೈಕೆಲಸದ ದೃಷ್ಟಿಯಿಂದ ಮಳೆಗಿಂತಲೂ ಮುಖ್ಯವಾದದ್ದು ಸಾಪೇಕ್ಷ ಆರ್ದ್ರತೆ. ಗಾಳಿ ತಾನು ಹೊರಬಲ್ಲಷ್ಟು ನೀರಾವಿಯಲ್ಲಿ ಎಷ್ಟು ಪಾಲನ್ನು ಹೊತ್ತಿದೆ ಎಂಬುದರ ಲೆಕ್ಕ ಇದು. ಬಿಸಿಗಾಳಿ ಹೆಚ್ಚು ನೀರಾವಿ ಹೊರಬಲ್ಲದು, ತಂಪುಗಾಳಿ ಕಡಿಮೆ. 34 ಡಿಗ್ರಿ ಇದ್ದ ಗಾಳಿ ಬಿರುಗಾಳಿಯ ಹೊಡೆತಕ್ಕೆ 24 ಡಿಗ್ರಿಗೆ ಇಳಿಯಿತೆನ್ನಿ. ಅದರೊಳಕ್ಕೆ ಒಂದು ಹನಿ ನೀರು ಸೇರದಿದ್ದರೂ ಶೇ. 30ರಷ್ಟಿದ್ದ ಆರ್ದ್ರತೆ ಶೇ. 53ರ ಆಸುಪಾಸಿಗೆ ಏರುತ್ತದೆ. ಅದರ ಮೇಲೆ ಮಳೆಯೂ ಬಂದು ನೆಲ, ಗೋಡೆ, ಗಿಡಮರ ಒದ್ದೆಯಾದರೆ ಶೇ. 80 ದಾಟುವುದು ಕಷ್ಟವಲ್ಲ. ಒಂದೆರಡು ಗಂಟೆಯೊಳಗೆ ಮನೆಯ ಗಾಳಿ ಬಯಲುಸೀಮೆಯಿಂದ ಮಲೆನಾಡಿಗೆ ಹೋಗಿ ಬಂದಂತೆ!

ಇದನ್ನು ಅಳೆಯಲು ಕೆಲವು ನೂರು ರೂಪಾಯಿಗೆ ಪುಟ್ಟ ಆರ್ದ್ರತಾಮಾಪಕಗಳು ಅಂಗಡಿಯಲ್ಲಿ ಸಿಗುತ್ತವೆ. ಅದೂ ಬೇಡವೆಂದರೆ ಅಡುಗೆಮನೆಯ ಉಪ್ಪನ್ನು ಒಂದು ಬಟ್ಟಲಿನಲ್ಲಿ ತೆರೆದಿಟ್ಟು ನೋಡಬಹುದು. ಶುದ್ಧ ಉಪ್ಪು ಗಾಳಿಯಿಂದ ನೀರು ಹೀರಿ ಕರಗತೊಡಗುವುದು ಆರ್ದ್ರತೆ ಶೇ. 75ರ ಸುಮಾರಿಗೆ ಏರಿದಾಗ. ಉಪ್ಪು ಬೆವರುತ್ತಿದೆ ಎಂದರೆ ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತು ಅದಲ್ಲ. ಹಪ್ಪಳ-ಸಂಡಿಗೆ ಹಾಕುವ ಹೆಂಗಸರಿಗೆ ಈ ವಿದ್ಯೆ ಹೊಸದೇನೂ ಅಲ್ಲವೆನ್ನಿ. ಬೆಳಗಿನ ಮೋಡ ನೋಡಿಯೇ ಹಿಟ್ಟು ಕಾಯಿಸಬೇಕೋ ಬೇಡವೋ ಎಂದು ತೀರ್ಮಾನಿಸುವ, ಮೊದಲ ದಿನ ಮೇಲ್ಮೈ ಒಣಗಿದರೂ ಒಳಗೆ ಹಸಿ ಉಳಿದಿರುತ್ತದೆಂದು ಬಲ್ಲ ಅಜ್ಜಿಯರು ಬಣ್ಣದ ಕೆಲಸಕ್ಕೂ ಒಳ್ಳೆಯ ಗುರುಗಳಾಗಬಲ್ಲರು.

ಕಾಗದ ಉಸಿರಾಡುತ್ತದೆ

ನೀರುಬಣ್ಣದವರಿಗೆ ಮೊದಲ ಪೆಟ್ಟು ಕಾಗದದಿಂದಲೇ. ಕಾಗದವೆಂದರೆ ಒತ್ತಿ ಹಾಸಿದ ಸಸ್ಯದ ನಾರು. ನಾರು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಾಳೆಯ ಎಲ್ಲ ಭಾಗವೂ ಒಟ್ಟಿಗೆ ಉಬ್ಬಿದರೆ ತೊಂದರೆಯಿಲ್ಲ. ಆಕಾಶ ಬಳಿದ ಮೇಲ್ಭಾಗ ಒದ್ದೆ, ಕೆಳಭಾಗ ಒಣ ಎಂದಾದಾಗ ಹಾಳೆ ಅಲೆಯಲೆಯಾಗಿ ಏಳುತ್ತದೆ. ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ, ದಿಬ್ಬ ಬೋಳಾಗುತ್ತದೆ. ಶಾಲೆಯ ತೆಳು ಡ್ರಾಯಿಂಗ್ ಹಾಳೆಯಲ್ಲಿ ಇದು ತಪ್ಪಿದ್ದಲ್ಲ. 300 ಜಿಎಸ್‌ಎಂ ತೂಕದ ದಪ್ಪ ಕಾಗದವನ್ನು ಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ. ತೆಳು ಹಾಳೆಯನ್ನೇ ಬಳಸುವುದಾದರೆ ಎರಡೂ ಬದಿ ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹಾಸಿ, ನಾಲ್ಕು ಅಂಚಿಗೂ ಅಂಟುಪಟ್ಟಿ ಹಚ್ಚಿ ಒಣಗಲು ಬಿಡಬೇಕು. ಹಾಳೆ ಕುಗ್ಗುತ್ತಾ ಡೋಲಿನ ಚರ್ಮದಂತೆ ಬಿಗಿಯಾಗುತ್ತದೆ. ಮುಂದೆ ಎಷ್ಟು ನೀರು ಹಾಕಿದರೂ ಒಣಗಿದ ಮೇಲೆ ಮಟ್ಟಸವಾಗಿ ನಿಲ್ಲುತ್ತದೆ.

ಒಣ ಮಧ್ಯಾಹ್ನದಲ್ಲಿ ಬಳಿದ ಬಣ್ಣ ಹರಡುವ ಮೊದಲೇ ಆರಿ, ಅಂಚಿನಲ್ಲಿ ಗಡುಸು ಗೆರೆ ಬಿಡುತ್ತದೆ. ಮಳೆಯ ಸಂಜೆಯಲ್ಲಿ ಇದರ ತದ್ವಿರುದ್ಧ. ಬಣ್ಣ ಆರುವುದೇ ಇಲ್ಲ. ಆರಿತೆಂದು ನಂಬಿ ಎರಡನೆಯ ಪದರ ಹಚ್ಚಿದರೆ ನೀರು ಹಿಂದಕ್ಕೆ ನುಗ್ಗಿ ಹೂಕೋಸಿನ ಆಕಾರದ ಕಲೆ ಮೂಡುತ್ತದೆ. ಹಾಳೆ ಒಳಗೂ ಒಣಗಿದೆಯೇ ಎಂದು ತಿಳಿಯುವ ಸುಲಭ ಉಪಾಯ ಅಂಗೈಯ ಹಿಂಬದಿಯನ್ನು ಅದಕ್ಕೆ ತಾಗಿಸುವುದು. ತಣ್ಣಗೆನಿಸಿದರೆ ನೀರು ಇನ್ನೂ ಆವಿಯಾಗುತ್ತಿದೆ ಎಂದೇ ಅರ್ಥ.

ಹಾಗೆಂದು ತೇವದ ಹವೆ ನೀರುಬಣ್ಣದ ಶತ್ರುವೆಂದು ಭಾವಿಸಬೇಕಿಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, ಬಳಿಕ ಮೈಸೂರು ಸಂಸ್ಥಾನದಲ್ಲಿ ಹೆಸರಾದ ಕೆ. ವೆಂಕಟಪ್ಪನವರು (1886-1965) ಉದಕಮಂಡಲದ ಮೋಡ, ಮಂಜು, ಕೆರೆಗಳನ್ನು ನೀರುಬಣ್ಣದಲ್ಲಿ ಬಿಡಿಸಿದ ಚಿತ್ರಗಳು ಕರ್ನಾಟಕದ ಕಲೆಯ ಹೆಮ್ಮೆಗಳಲ್ಲಿ ಸೇರಿವೆ. ಮೋಡದ ಅಂಚು ಕರಗಿ ಆಕಾಶದೊಳಗೆ ಬೆರೆಯಬೇಕಾದರೆ ಕಾಗದ ಸ್ವಲ್ಪ ಹೊತ್ತು ಒದ್ದೆಯಾಗಿರಲೇಬೇಕು. ಮಳೆ ನಿಂತ ಸಂಜೆಯಲ್ಲಿ ಅಂಥ ಚಿತ್ರಕ್ಕೆ ಕೈಹಾಕಿ, ಮನೆ, ಮರ, ಮನುಷ್ಯಾಕೃತಿಗಳ ಸ್ಪಷ್ಟ ಗೆರೆಗಳನ್ನು ಮರುದಿನದ ಬಿಸಿಲಿಗೆ ಉಳಿಸಿಕೊಂಡರೆ ಹವೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಆರುವುದೂ ಗಟ್ಟಿಯಾಗುವುದೂ ಒಂದೇ ಅಲ್ಲ

ಈಗ ಮನೆಮನೆಯಲ್ಲಿ ಬಳಕೆಯಾಗುವುದು ಆಕ್ರಿಲಿಕ್ ಬಣ್ಣ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಸೂಕ್ಷ್ಮ ಕಣಗಳೇ ಇದರ ಜೀವಾಳ. ನೀರು ಆವಿಯಾದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಪೊರೆಯಾಗುತ್ತವೆ. ಬಿಸಿಲಿನಲ್ಲಿ ಮೇಲ್ಪದರ ನಿಮಿಷಗಳಲ್ಲೇ ಪೊರೆ ಕಟ್ಟಿ, ಕೆಳಗಿನ ನೀರು ಒಳಗೇ ಸಿಕ್ಕಿಬೀಳುತ್ತದೆ. ದಪ್ಪಗೆ ಬಳಿದಿದ್ದರೆ ಆ ನೀರು ಹೊರಬರುವಾಗ ಪೊರೆ ಬಿರಿಯುತ್ತದೆ. ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಮೇಲೆಂಬ ಮಾತು ಹುಟ್ಟಿದ್ದು ಇದಕ್ಕೇ. ತಟ್ಟೆಯ ಬಣ್ಣ ಒಣಗದಿರಲು ಅದರ ಕೆಳಗೊಂದು ಒದ್ದೆ ಬಟ್ಟೆ ಹಾಸುವುದು, ಆಗಾಗ ನೀರು ಚಿಮುಕಿಸುವುದು ಸಾಕು.

ಆಕ್ರಿಲಿಕ್ ಮುಟ್ಟಿದರೆ ಅಂಟುವುದಿಲ್ಲವೆಂದ ಮಾತ್ರಕ್ಕೆ ಗಟ್ಟಿಯಾಯಿತೆಂದು ತಿಳಿಯುವುದು ತಪ್ಪು. ಬೇಸಿಗೆಯ ಕೋಣೆಯ ಶಾಖದಲ್ಲಿ ಅದು ಒಳಗೊಳಗೇ ಮೆದುವಾಗಿರುತ್ತದೆ. ಎರಡು ಕ್ಯಾನ್ವಾಸ್‌ಗಳನ್ನು ಮುಖಕ್ಕೆ ಮುಖ ಇಟ್ಟು ಕಪಾಟಿಗೆ ಸೇರಿಸಿದರೆ ವಾರದ ಬಳಿಕ ಅವು ಬಿಡಿಸಲಾಗದಂತೆ ಕಚ್ಚಿಕೊಂಡಿರುತ್ತವೆ. ನಡುವೆ ವೃತ್ತಪತ್ರಿಕೆ ಇಟ್ಟರಂತೂ ಅಂದಿನ ಸುದ್ದಿ ಚಿತ್ರದ ಮೇಲೆಯೇ ಅಚ್ಚಾಗುವುದುಂಟು. ಬೆಣ್ಣೆಕಾಗದ ಇಡುವುದು, ಅದಕ್ಕಿಂತಲೂ ನಿಲ್ಲಿಸಿ ಇಡುವುದು ಕ್ಷೇಮ.

ತೈಲವರ್ಣದ ಮಾತೇ ಬೇರೆ. ಅಗಸೆ ಎಣ್ಣೆಯಲ್ಲಿ ಕಲಸಿದ ಈ ಬಣ್ಣ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಬೆಳಕು, ಬೆಚ್ಚನೆಯ ಗಾಳಿ ಇದಕ್ಕೆ ಸಹಾಯಕ. ಒಂದು ಸಂಜೆಯ ಮಳೆಯಿಂದ ಇದಕ್ಕೆ ಅಂಥ ನಷ್ಟವಿಲ್ಲ. ಚಂಚಲ ಬೇಸಿಗೆಯಲ್ಲಿ ತಾಳ್ಮೆಯುಳ್ಳವರಿಗೆ ತೈಲವರ್ಣವೇ ಹೆಚ್ಚು ನಂಬಿಕಸ್ಥ ಎಂದರೆ ವಿಚಿತ್ರವೆನಿಸಬಹುದು, ಆದರೆ ನಿಜ.

ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಕೊನೆಯ ಹೊಳಪಿನ ಲೇಪ. ಲ್ಯಾಕರ್, ಸ್ಪ್ರೇ ವಾರ್ನಿಷ್‌ಗಳಲ್ಲಿರುವ ದ್ರಾವಕ ಬಲು ಬೇಗ ಹಾರಿಹೋಗುತ್ತದೆ. ಹಾರುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಸ್ಪಿರಿಟ್ ಹಚ್ಚಿದ ಚರ್ಮ ತಂಪಾಗುವಂತೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಪದರದ ಮೇಲೆ ಇಬ್ಬನಿ ಕೂತು, ಪಾರದರ್ಶಕವಾಗಬೇಕಿದ್ದ ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ವಾರಗಳ ಶ್ರಮ ಅರ್ಧ ನಿಮಿಷದಲ್ಲಿ ಮಸುಕಾಗುವ ಬಗೆ ಇದು. ಮಳೆಗೆ ಮುನ್ನ ಬೀಸುವ ಗಾಳಿಯೂ ಕಡಿಮೆ ಕಾಟ ಕೊಡುವುದಿಲ್ಲ. ರಸ್ತೆ ಕೆಲಸ, ಕಟ್ಟಡ ಕೆಲಸಗಳ ದೂಳೆಲ್ಲಾ ಹಸಿ ವಾರ್ನಿಷ್‌ಗೆ ಅಂಟಿ ಮರಳುಕಾಗದವಾಗುತ್ತದೆ. ಲೇಪಕ್ಕೆ ತಕ್ಕ ಹೊತ್ತು ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ. ಅಂದರೆ ಒಂಬತ್ತರಿಂದ ಹನ್ನೊಂದರ ಒಳಗೆ.

ಬಿಳಿಯ ಮರಗೋಂದು ಹವೆಯ ಬಗ್ಗೆ ತಾನೇ ಸುಳಿವು ಕೊಡುತ್ತದೆ. ಫೆವಿಕಾಲ್‌ನಂಥ ಅಂಟು ಒಣಗಿದಾಗ ಪಾರದರ್ಶಕವಾಗುತ್ತದೆ. ಅಂಚಿನಲ್ಲಿ ಇನ್ನೂ ಬಿಳಿ ಕಾಣುತ್ತಿದ್ದರೆ ಒಳಗೆ ನೀರಿದೆ, ಬಣ್ಣ ಹಚ್ಚಬಾರದು. ಇತ್ತೀಚೆಗೆ ಜನಪ್ರಿಯವಾಗಿರುವ ಎಪಾಕ್ಸಿ ರಾಳದ ಕೆಲಸಕ್ಕೆ ಶಾಖವೇ ಶತ್ರು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ರಾಳ ಕೈಯಲ್ಲಿ ನಿಲ್ಲುವ ಅವಧಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ ನಲವತ್ತು ನಿಮಿಷ ಎಂದಿದ್ದರೆ ಕಾದ ತಾರಸಿ ಮನೆಯಲ್ಲಿ ಇಪ್ಪತ್ತೇ ನಿಮಿಷವೆಂದು ಎಣಿಸಿಕೊಳ್ಳಬೇಕು.

ಮಣ್ಣಿಗೆ ಅವಸರ ಸಲ್ಲದು

ಮಕ್ಕಳಿಗೆ ಅತ್ಯಂತ ಪ್ರಿಯವಾದ ಮಣ್ಣಿನ ಕೆಲಸ ಬೇಸಿಗೆಗೆ ಹೇಳಿ ಮಾಡಿಸಿದ್ದೆಂದು ಕಾಣುತ್ತದೆ. ಬೊಂಬೆ ಮಾಡಿ ಬಿಸಿಲಿಗಿಟ್ಟರೆ ಆಯಿತಲ್ಲ ಎಂಬುದು ಸಾಮಾನ್ಯ ಎಣಿಕೆ. ಸಂಜೆಗೆ ನೋಡಿದರೆ ಆನೆಯ ಸೊಂಡಿಲು ಕಳಚಿ ಬಿದ್ದಿರುತ್ತದೆ! ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ. ಬಿಸಿಲಿನಲ್ಲಿ ಹೊರಮೈ ಮೊದಲು ಕುಗ್ಗುತ್ತದೆ, ಒಳಮೈ ಇನ್ನೂ ಉಬ್ಬಿಯೇ ಇರುತ್ತದೆ. ಚಿಕ್ಕದಾದ ಅಂಗಿಯನ್ನು ದಪ್ಪ ಮೈಗೆ ತೊಡಿಸಿದಂತೆ ಹೊರಪದರ ಹರಿಯಲೇಬೇಕು. ಸೊಂಡಿಲು, ಕಿವಿ, ಬಾಲಗಳಂಥ ತೆಳು ಭಾಗಗಳು ದಪ್ಪ ಮುಂಡಕ್ಕಿಂತ ಬೇಗ ಒಣಗುವುದರಿಂದ ಸೀಳು ಬಿಡುವುದು ಅವು ಕೂಡುವ ಜಾಗದಲ್ಲೇ.

ಕುಂಬಾರರು ಹಸಿ ಮಡಕೆಯನ್ನು ನೆರಳಿನಲ್ಲಿ ನಿಧಾನವಾಗಿ ಆರಿಸುವುದು ಈ ಕಾರಣಕ್ಕೆ. ಮನೆಯಲ್ಲಿ ಮಾಡುವವರು ಮೊದಲ ಎರಡು ದಿನ ಬೊಂಬೆಯ ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಹಾಳೆ ಅಥವಾ ಹಿಂಡಿದ ಒದ್ದೆ ಬಟ್ಟೆ ಹೊದಿಸಿ, ಆಮೇಲೆ ನೆರಳಿನಲ್ಲಿ ಬಿಟ್ಟು, ಪೂರ್ತಿ ಬಿಳಿಚಿಕೊಂಡ ಮೇಲಷ್ಟೇ ಬಿಸಿಲು ತೋರಿಸಬೇಕು. ದಪ್ಪ ಮೈಯನ್ನು ಒಳಗಿನಿಂದ ಟೊಳ್ಳು ಮಾಡಿದರೆ ಇನ್ನೂ ಒಳಿತು. ವಿಶೇಷವೆಂದರೆ ಮಳೆಯ ಸಂಜೆ ಮಣ್ಣಿಗೆ ಮಿತ್ರ. ಬೇರೆಲ್ಲ ಕೆಲಸವನ್ನು ಕೆಡಿಸುವ ತೇವದ ಗಾಳಿ ಹಸಿ ಬೊಂಬೆಯನ್ನು ಸಮನಾಗಿ ಒಣಗಿಸುತ್ತದೆ. ಸುಡದ ಬೊಂಬೆಯ ಮೇಲೆ ಹನಿ ಬೀಳದಂತೆ ನೋಡಿಕೊಂಡರಾಯಿತು. ಬಿದ್ದರೆ ಅದು ಮತ್ತೆ ಕೆಸರೇ.

ಹಳಬರು ಹವೆಗೆ ಒಪ್ಪಿಕೊಂಡ ಬಗೆ

ಅಂಗಡಿಯ ಬಣ್ಣಗಳು ಬರುವ ಮೊದಲಿನಿಂದಲೂ ಕರ್ನಾಟಕದ ಕರಕುಶಲ ಪರಂಪರೆಗಳು ಹವೆಯೊಡನೆ ಒಂದು ಒಪ್ಪಂದ ಮಾಡಿಕೊಂಡೇ ಬೆಳೆದಿವೆ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನೇ ನೋಡಬಹುದು. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆಯ ಮನೆಯ ಗೋಡೆಗೆ ಇದು ಬೇಕೇ ಬೇಕು. ಮಣ್ಣಿನ ಗೋಡೆ ತೇವವನ್ನು ಹೀರಿಕೊಳ್ಳುತ್ತದೆ, ಬಿಡುತ್ತದೆ; ಅದರ ಮೇಲಿನ ಮಣ್ಣು-ಹಿಟ್ಟಿನ ಬಣ್ಣವೂ ಗೋಡೆಯೊಡನೆಯೇ ಉಸಿರಾಡುತ್ತದೆ. ಪ್ಲಾಸ್ಟಿಕ್ ಪೊರೆಯಂತೆ ತೇವವನ್ನು ತಡೆದು ಗುಳ್ಳೆ ಏಳಿಸುವುದಿಲ್ಲ. ಇಂದು ನಗರದ ಆಸಕ್ತರು ಇದೇ ವಿನ್ಯಾಸಗಳನ್ನು ರಟ್ಟಿನ ಮೇಲೆ, ಬಟ್ಟೆಯ ಮೇಲೆ ಆಕ್ರಿಲಿಕ್‌ನಲ್ಲಿ ಬರೆಯುತ್ತಾರೆ. ಅದು ತಪ್ಪೇನಲ್ಲ. ಆದರೆ ಕೆಮ್ಮಣ್ಣಿಗೆ ಒಂದಿಷ್ಟು ಅಂಟು ಬೆರೆಸಿ ಮೂಲದ ದಾರಿಯಲ್ಲೇ ಒಮ್ಮೆ ಪ್ರಯತ್ನಿಸಿದರೆ ಬೇಸಿಗೆಯ ಬಿಸಿಲು ಅದಕ್ಕೆ ಎಷ್ಟು ಹೊಂದುತ್ತದೆಂಬುದು ತಿಳಿಯುತ್ತದೆ.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳದು ಇನ್ನೊಂದು ಪಾಠ. ಹಗುರ ಮರದ ಭಾಗಗಳನ್ನು ಜೋಡಿಸಿ, ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಕಣಕದಿಂದ ಸಂದು ಮುಚ್ಚಿ ಅಚ್ಚುಕಟ್ಟು ಮಾಡುತ್ತಾರೆ. ಅದರ ಮೇಲೆ ಕಲ್ಲಿನ ಪುಡಿ-ಅಂಟಿನ ಲೇಪ, ಆಮೇಲೆ ಬಣ್ಣ. ಪದರ ಪದರವಾಗಿ ಆರಿಸುತ್ತಾ ಹೋಗುವ ಈ ಕೆಲಸದಲ್ಲಿ ನಾರಿನ ಪದರ ಮರಕ್ಕೂ ಬಣ್ಣಕ್ಕೂ ನಡುವೆ ಮೆತ್ತೆಯಂತೆ ನಿಲ್ಲುತ್ತದೆ. ಮರ ಸ್ವಲ್ಪ ಹಿಗ್ಗಿ ಕುಗ್ಗಿದರೂ ಬಣ್ಣ ಕೂಡಲೇ ಸಿಡಿಯುವುದಿಲ್ಲ. ಮನೆಯಲ್ಲಿ ಹಳೆಯ ಮರದ ಪೆಟ್ಟಿಗೆಗೆ ನೇರವಾಗಿ ಬಣ್ಣ ಬಳಿದು, ಒಂದೇ ತಿಂಗಳಲ್ಲಿ ಸಂದುಗಳಲ್ಲಿ ಬಿರುಕು ಕಂಡು ಬೇಸರಿಸುವವರು ನಡುವೆ ತೆಳು ಬಟ್ಟೆ ಅಥವಾ ಟಿಶ್ಯೂ ಕಾಗದದ ಒಂದು ಪದರ ಅಂಟಿಸಿ ನೋಡಬಹುದು.

ಬೆಂಗಳೂರಿಗೆ ಹತ್ತಿರದ ಚನ್ನಪಟ್ಟಣದಲ್ಲಿ ಬಣ್ಣಕ್ಕೆ ನೀರೂ ಇಲ್ಲ, ದ್ರಾವಕವೂ ಇಲ್ಲ. ಆಲೆ ಮರದ ತುಂಡನ್ನು ಮೊದಲು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಬಳಿಕ ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಿಗೆ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಒಣಗುವವರೆಗೆ ಕಾಯುವ ಪ್ರಮೇಯವೇ ಇಲ್ಲದ ಕಾರಣ ಸಂಜೆಯ ಮಳೆಯಿಂದ ಬಣ್ಣಕ್ಕೆ ಕುಂದಿಲ್ಲ. ಮರ ಒಣಗಿರಬೇಕೆಂಬ ನಿಯಮ ಮಾತ್ರ ಕಟ್ಟುನಿಟ್ಟು. ಮನೆಯಲ್ಲಿ ಅರಗಿನ ಕೆಲಸ ಮಾಡಲಾಗದು, ನಿಜ. ಆದರೆ ಮಳೆಯಲ್ಲಿ ನೆನೆದ ಹಲಗೆಯನ್ನು ತಂದು ಮರುದಿನವೇ ಬಣ್ಣ ಬಳಿಯುವ ಚಾಳಿಯನ್ನಾದರೂ ಬಿಡಬಹುದಲ್ಲ!

ಮೈಸೂರು ಶೈಲಿಯ ಚಿತ್ರ ಕಲಿಯುವವರ ಸಂಖ್ಯೆ ನಗರದಲ್ಲಿ ಗಣನೀಯವಾಗಿದೆ. ಸಫೇದ ಮತ್ತು ಅಂಟನ್ನು ಕೂಡಿಸಿ ಮಾಡಿದ ಕಣಕದಿಂದ ಒಡವೆ, ಪ್ರಭಾವಳಿಗಳನ್ನು ತುಸು ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವುದು ಇದರ ವೈಶಿಷ್ಟ್ಯ. ಈ ಉಬ್ಬುಗೆಲಸವೇ ಬೇಸಿಗೆಯಲ್ಲಿ ಹೆಚ್ಚು ಕಾಡುವುದು. ಕಣಕ ಗಟ್ಟಿಯಾಗಿದ್ದು ಫ್ಯಾನಿನಡಿ ಒಣಗಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಂಟು ಒಣಗಿ ಹೋದರೆ ರೇಕು ಹಿಡಿಯುವುದಿಲ್ಲ, ತೇವ ಹೆಚ್ಚಿದ್ದರೆ ರೇಕು ಜಾರಿ ಮುದುಡುತ್ತದೆ. ಫ್ಯಾನು ಆರಿಸಿ, ಕಿಟಕಿ ಓರೆ ಮಾಡಿ, ಬೆಳಗಿನ ತಂಪಿನಲ್ಲಿ ಒಂದೊಂದೇ ಒಡವೆ ಮುಗಿಸುವುದೇ ಇದಕ್ಕಿರುವ ದಾರಿ.

ದಿನಚರಿ ಬದಲಿಸಿದರೆ ಸಾಕು

ಇಷ್ಟೆಲ್ಲ ಓದಿದ ಮೇಲೆ ಬೇಸಿಗೆಯಲ್ಲಿ ಬಣ್ಣ ಮುಟ್ಟುವುದೇ ಬೇಡವೆಂದುಕೊಳ್ಳಬೇಕಿಲ್ಲ. ಮುಂಜಾನೆ ನೀರುಬಣ್ಣ, ರೇಖೆ, ಉಬ್ಬುಗೆಲಸ. ಒಂಬತ್ತರ ನಂತರ ವಾರ್ನಿಷ್. ಸುಡು ಮಧ್ಯಾಹ್ನದಲ್ಲಿ ಹವೆಯ ಹಂಗಿಲ್ಲದ ಕತ್ತರಿ ಕೆಲಸ, ಹೊಲಿಗೆ, ಕಸೂತಿ, ಪೆನ್ಸಿಲ್ ಚಿತ್ರ, ಮಣಿ ಪೋಣಿಸುವುದು. ಮಳೆ ಬಂದ ಸಂಜೆಗೆ ಮಣ್ಣು. ಕಾಗದದ ಸುರುಳಿ ಹೂ, ರದ್ದಿ ಕಾಗದದ ಕಣಕದ ಬಟ್ಟಲು ಮುಂತಾದವು ಮುಗಿದ ಮೇಲೆ ಪೂರ್ತಿ ಒಣಗಿದ ಮಧ್ಯಾಹ್ನದಲ್ಲೇ ಡಬ್ಬಿ ಸೇರಬೇಕು. ತೇವ ಉಳಿದ ಕಾಗದಕ್ಕೂ ಮೈದಾ ಅಂಟಿಗೂ ಬೂಷ್ಟು ಹಿಡಿಯಲು ಕೆಲವೇ ದಿನ ಸಾಕು. ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿ ಬೂಷ್ಟನ್ನು ತಡೆಯುವುದೇನೋ ಹೌದು. ಅದು ವಿಷವಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಕೂಡದು.

ಮೋಡ ಕವಿದಾಗ ಬಣ್ಣ ಆಯ್ದುಕೊಳ್ಳುವುದರಲ್ಲೂ ಎಚ್ಚರ ಬೇಕು. ಬಿಸಿಲಿನ ಬೆಳಕಿನಲ್ಲಿ ಬೆರೆಸಿದ ಹಸಿರು ಮೋಡದ ಮಬ್ಬಿನಲ್ಲಿ ನೀಲಿಯತ್ತ ವಾಲಿದಂತೆ, ರಾತ್ರಿಯ ಹಳದಿ ದೀಪದಲ್ಲಿ ಬೇರೆಯದೇ ಆಗಿ ತೋರುತ್ತದೆ. ದೊಡ್ಡ ಪಟದ ಒಂದೇ ಬಣ್ಣವನ್ನು ಒಂದೇ ಬೆಳಕಿನಲ್ಲಿ ಮುಗಿಸುವುದು ಲೇಸು.

ಕಿಟಕಿ ಮುಚ್ಚಿದಾಗಿನ ಅಪಾಯ

ಚಿತ್ರ ಕೆಟ್ಟರೆ ಇನ್ನೊಂದು ಬರೆಯಬಹುದು. ಆರೋಗ್ಯದ ವಿಷಯ ಹಾಗಲ್ಲ. ಗಾಳಿಮಳೆ ಶುರುವಾದೊಡನೆ ಮನೆಯವರು ಮೊದಲು ಮಾಡುವ ಕೆಲಸ ಕಿಟಕಿ ಬಾಗಿಲು ಮುಚ್ಚುವುದು. ಒಳಗೆ ಟರ್ಪೆಂಟೈನ್, ಥಿನ್ನರ್, ಎನಾಮೆಲ್ ತೆರೆದಿದ್ದರೆ ಅವುಗಳ ಆವಿ ಅಲ್ಲೇ ಕಟ್ಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಣ್ಣುರಿ ಮೊದಲ ಲಕ್ಷಣಗಳು. ಅಸ್ತಮಾ ಇರುವವರಿಗೆ ಇನ್ನೂ ಕಷ್ಟ. ಈ ಆವಿ ಬೆಂಕಿಗೂ ಆಹಾರ. ಗ್ಯಾಸ್ ಒಲೆಯೋ ದೇವರ ದೀಪವೋ ಅದೇ ಕೋಣೆಯಲ್ಲಿ ಉರಿಯುತ್ತಿದ್ದರೆ ಅನಾಹುತಕ್ಕೆ ಬೇರೆ ಕಾರಣ ಬೇಕಿಲ್ಲ. ಕರೆಂಟು ಹೋಯಿತೆಂದು ಮೇಣದಬತ್ತಿ ಹಚ್ಚುವ ಮುನ್ನ ಡಬ್ಬಿಗಳ ಮುಚ್ಚಳ ಬಿಗಿಯಾಗಿದೆಯೇ, ಕೋಣೆಯ ಗಾಳಿ ಹೊರಹೋಗಿದೆಯೇ ಎಂದು ನೋಡಬೇಕು.

ಹಳೆಯ ಬಣ್ಣದ ಡಬ್ಬಿಗಳಲ್ಲಿ ಸೀಸದ ಭಯವೂ ಇದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕಂಟಕ. ಈ ಬಗ್ಗೆ ದೇಶದ ಗಮನ ಸೆಳೆದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿ 2017ರ ನವೆಂಬರ್ 1ರಿಂದ ಜಾರಿಗೆ ತಂದ ನಿಯಮದಂತೆ ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರುವಂತಿಲ್ಲ. ಅದಕ್ಕೂ ಹಿಂದೆ ಕೊಂಡು ಅಟ್ಟದಲ್ಲಿ ಉಳಿದಿರುವ ಎನಾಮೆಲ್ ಡಬ್ಬಿಯನ್ನು ಮಕ್ಕಳ ಆಟಿಕೆಗೆ ಬಳಿಯುವುದು ಉಳಿತಾಯವಲ್ಲ. ಹಳೆಯ ಬಾಗಿಲು, ತೊಟ್ಟಿಲು, ಕುರ್ಚಿಗಳನ್ನು ಹೊಸದಾಗಿಸುವಾಗ ಒಣ ಬಣ್ಣವನ್ನು ಮರಳುಕಾಗದದಿಂದ ಉಜ್ಜಿದರೆ ಏಳುವ ಪುಡಿ ಇನ್ನೂ ಅಪಾಯಕಾರಿ. ನೀರು ತಾಗಿಸಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಗರ್ಭಿಣಿಯರೂ ಮಕ್ಕಳೂ ಅತ್ತ ಸುಳಿಯದಿದ್ದರೆ ಒಳ್ಳೆಯದು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಯಾವ ಬಣ್ಣಕ್ಕೂ ಬೇಡ. ಎಪಾಕ್ಸಿ ರಾಳ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆಯೇಳುವುದರಿಂದ ಕೈಗವಸು ಕಡ್ಡಾಯ.

ಬಹಳ ಮಂದಿಗೆ ತಿಳಿಯದ ಸಂಗತಿಯೊಂದಿದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಎಣ್ಣೆ ಆಮ್ಲಜನಕದೊಡನೆ ಕೂಡುವಾಗ ಶಾಖ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಅದು ಗಾಳಿಗೆ ಹೋಗುತ್ತದೆ, ಮುದ್ದೆಯಲ್ಲಿ ಒಳಗೇ ಕೂಡಿಕೊಂಡು ಏರುತ್ತದೆ. ಬೇಸಿಗೆಯ ಸೆಖೆ ಅದಕ್ಕೆ ಒತ್ತಾಸೆ. ಅಂಥ ಬಟ್ಟೆಯನ್ನು ಬಿಡಿಸಿ ಹೊರಗೆ ಒಣಹಾಕಬೇಕು, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಸ್ಪ್ರೇ ಡಬ್ಬಿಗಳನ್ನು ತಾರಸಿಯ ಬಿಸಿಲಿನಲ್ಲಾಗಲಿ ಕಾರಿನಲ್ಲಾಗಲಿ ಬಿಡಬಾರದು. ಒಳಗಿನ ಒತ್ತಡ ಏರಿ ಸಿಡಿಯುವ ಸಂಭವವಿದೆ.

ಇನ್ನು ಸಿಡಿಲು. ಒಣಗಲಿಟ್ಟ ಬೊಂಬೆಗಳನ್ನು ಉಳಿಸಲೆಂದು ಗುಡುಗಿನ ನಡುವೆ ತಾರಸಿಗೆ ಓಡುವುದು ಹಪ್ಪಳದ ಕಾಲದಿಂದಲೂ ನಡೆದು ಬಂದದ್ದು. ಮುಂಗಾರುಪೂರ್ವ ಮಳೆಯಲ್ಲಿ ಸಿಡಿಲಿಗೆ ಬಲಿಯಾದವರ ಸುದ್ದಿ ರಾಜ್ಯದಲ್ಲಿ ಪ್ರತಿವರ್ಷ ಬರುತ್ತದೆ. ಮೊದಲ ಗುಡುಗು ಕೇಳಿದ ಮೇಲೆ ಬೊಂಬೆ ನೆನೆದರೂ ಸರಿ, ಮೇಲೆ ಹೋಗಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಮೊಬೈಲ್ ತಂತ್ರಾಂಶ ಸುತ್ತಮುತ್ತಲ ಸಿಡಿಲಿನ ಮುನ್ಸೂಚನೆ ನೀಡುತ್ತದೆ. ಅದಿಲ್ಲದಿದ್ದರೂ ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಗೋಪುರದಂತೆ ಏಳುತ್ತಿದ್ದರೆ ಎಲ್ಲವನ್ನೂ ಒಳತಂದು ಬಿಡುವುದು ಕಷ್ಟವಲ್ಲ.

ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ನೆಲೆಗೊಂಡರೆ ಈ ಏರಿಳಿತ ತಗ್ಗುತ್ತದೆ. ಗಾಳಿ ದಿನವಿಡೀ ತೇವವಾಗಿದ್ದರೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಕಾಗದದ ಮೇಲಿನ ಕೆಲಸಕ್ಕೆ, ಹಸಿ ಮಣ್ಣಿಗೆ ಆ ಹವೆ ಬೇಸಿಗೆಗಿಂತ ಹಿತ. ವಾರ್ನಿಷ್ ಬೇಡುವ ಕೆಲಸಗಳಿದ್ದರೆ ಮಾತ್ರ ಅವನ್ನು ಮೇ ತಿಂಗಳ ಒಣ ಬೆಳಗುಗಳಲ್ಲೇ ಮುಗಿಸಿಕೊಳ್ಳಬೇಕು. ಇಲ್ಲವಾದರೆ ಮಳೆಗಾಲ ಕಳೆದು ಒಣ ಹವೆ ಮರಳುವವರೆಗೆ ಕಾಯಬೇಕಾದೀತು.